ಟೀ ಕಪ್ ಯಾವ ಡಬ್ಬಿಗೆ?

ನಮ್ಮ ಹಾಸ್ಟೆಲ್ ಮೆಸ್ ಬಾಗಿಲಲ್ಲಿ ಎರಡು ಡಬ್ಬಿ ಇವೆ. ಹಸಿರು ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ. ಎರಡು ವರ್ಷ ಟೀ ಕುಡಿದ ಪೇಪರ್ ಕಪ್ಪನ್ನು ಹಸಿರಿಗೇ ಎಸೆದೆ. ಕಾಗದ ಕೊಳೆಯುತ್ತದೆ, ಅಲ್ವಾ?

ಮೊನ್ನೆ ಕಸ ಬೇರ್ಪಡಿಸುವ ಅಕ್ಕ ಒಂದು ಕಪ್ ಹರಿದು, ಒಳಗಿನ ತೆಳು ಪದರವನ್ನು ಉಗುರಿನಿಂದ ಎಬ್ಬಿಸಿ ತೋರಿಸಿದರು. "ಇದು ಪ್ಲಾಸ್ಟಿಕ್ ಕಣಪ್ಪಾ. ಗೊಬ್ಬರದ ಗುಂಡಿಯಿಂದ ದಿನಾ ನಾನೇ ಹೆಕ್ಕಬೇಕು." ಮುಖ ಎಲ್ಲಿಡಲಿ!

ನೀಲಿಗೆ ಹಾಕುವುದಾದರೂ ಉಳಿದ ಟೀ ಚೆಲ್ಲಿ, ತೊಳೆದೇ ಹಾಕಬೇಕು. ಇಲ್ಲದಿದ್ದರೆ ಪಕ್ಕದ ಪೇಪರ್ ಕೂಡ ನೆನೆದು ಹಾಳು.

2016ರ ಘನತ್ಯಾಜ್ಯ ನಿಯಮಗಳಲ್ಲೇ ಅಪಾಯಕಾರಿ ಕಸ ಬೇರೆ ಇಡಿ ಅಂತಿತ್ತು. ನಮ್ಮಲ್ಲಿ ಮೂರನೇ ಡಬ್ಬಿಯೇ ಇಲ್ಲ. ಮುಗಿದ ಸೆಲ್‌ಗಳು ನನ್ನ ಡ್ರಾಯರ್‌ನಲ್ಲಿ ಸುಮ್ನೆ ಕೂತಿವೆ.

ಈಗ ಸ್ಟೀಲ್ ಲೋಟ ಹಿಡಿದು ಹೋಗುತ್ತೇನೆ. ಟೀ ಅಣ್ಣ ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ.