ಮೂರನೇ ಸಲವೂ ಅದೇ ಗುಳ್ಳೆಗಳು

ಮೂರನೇ ಸಲ ಸ್ಕ್ಯಾನ್ ಮಾಡುವಾಗ ಡಾಕ್ಟರ್ ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಯಿತು. ಪರದೆ ಮೇಲೆ ಮಗು ಇರಲಿಲ್ಲ. ಅದೇ ಸಣ್ಣ ಸಣ್ಣ ಗುಳ್ಳೆಗಳು. ಮತ್ತೆ ಮೋಲಾರ್ ಪ್ರೆಗ್ನೆನ್ಸಿ, ಅಂದರೆ ಮಗು ಸರಿಯಾಗಿ ಬೆಳೆಯದೆ ಮಾಸು ಗುಳ್ಳೆಗಳಾಗಿ ಊದಿಕೊಳ್ಳುವ ಗರ್ಭ. ಚಿಕ್ಕದಾಗಿ ಮೋಲ್ ಅನ್ನುತ್ತಾರೆ.

ಮೊದಲ ಸಲ ಆದಾಗ, ಇದು ಮತ್ತೆ ಆಗೋದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಅಂದಿದ್ದರು. ಅದು ಸುಳ್ಳಲ್ಲ. ಮಗು ಒಂದಿಷ್ಟೂ ಬೆಳೆಯದ ಪೂರ್ತಿ ಮೋಲ್‌ಗಳಲ್ಲಿ ಹೆಚ್ಚಿನವು ತಾಯಿಯ ಕ್ರೋಮೋಸೋಮ್ ಇಲ್ಲದ ಅಂಡಾಣುವಿನಿಂದ ಆಗುತ್ತವೆ. ಇರುವ 46 ಕ್ರೋಮೋಸೋಮ್‌ಗಳೂ ತಂದೆಯವೇ. ಸಾಮಾನ್ಯವಾಗಿ ಅದು ಆ ಒಂದು ಅಂಡಾಣುವಿನ ಎಡವಟ್ಟು, ಅಷ್ಟೇ. ಆದರೆ ಎರಡು ಸಲ ಆದವರಿಗೆ ಮೂರನೆಯದೂ ಹಾಗೇ ಆಗುವ ಅಪಾಯ ಸುಮಾರು ಶೇ. 15ರಿಂದ 20.

ನಾನು ತಪ್ಪನ್ನು ನನ್ನಲ್ಲೇ ಹುಡುಕುತ್ತಿದ್ದೆ. ಮೊದಲ ಸಲ ಭಾರದ ಪೆಟ್ಟಿಗೆ ಎತ್ತಿದ್ದೆ, ಅದಕ್ಕೇ ಅಂದುಕೊಂಡೆ. ಎರಡನೇ ಸಲ ಮೆಟ್ಟಿಲೂ ಹತ್ತಲಿಲ್ಲ. ಆಗಲೂ ಅದೇ ಆಯಿತು ಅಲ್ವಾ?

ಈ ಸಲ ತೆಗೆದ ಅಂಗಾಂಶವನ್ನು ಜೆನೆಟಿಕ್ ಪರೀಕ್ಷೆಗೆ ಕಳಿಸಿದರು. ಕ್ರೋಮೋಸೋಮ್‌ಗಳಲ್ಲಿ ಅರ್ಧ ನನ್ನವು, ಅರ್ಧ ಗಂಡನವು. ಆ ಸಾಲನ್ನು ನಾಲ್ಕು ಸಲ ಓದಿದೆ. ಇಬ್ಬರದೂ ಇದ್ದ ಮೇಲೆ ಮೋಲ್ ಹೇಗೆ?

ಆಮೇಲೆ ಕೌನ್ಸೆಲರ್ ಬಿಡಿಸಿ ಹೇಳಿದರು. ಅಂಡಾಣು ಬೆಳೆಯುವಾಗ ಕೆಲವು ಜೀನ್‌ಗಳ ಮೇಲೆ 'ಇದು ಅಮ್ಮನದು' ಎಂಬ ಗುರುತು ಬೀಳಬೇಕು. ಅದು ಬೀಳದಿದ್ದರೆ ಅಮ್ಮನ ಪಾಲೂ ಅಪ್ಪನ ಪಾಲಿನಂತೆ ನಡೆದುಕೊಳ್ಳುತ್ತದೆ. ಭ್ರೂಣ ಬೆಳೆಯುವುದಿಲ್ಲ, ಮಾಸು ಮಾತ್ರ ಊದಿಕೊಳ್ಳುತ್ತದೆ. ಈ ಗುರುತಿಗೆ ಬೇಕಾದ ಎನ್‌ಎಲ್‌ಆರ್‌ಪಿ7 ಎಂಬ ಜೀನ್‌ನ ಎರಡೂ ಪ್ರತಿಗಳು ನನ್ನಲ್ಲಿ ಕೆಟ್ಟಿವೆ. ಮರುಕಳಿಸುವ ಮೋಲ್‌ಗೂ ಈ ಜೀನ್‌ಗೂ ನಂಟಿದೆ ಎಂದು ತಿಳಿದದ್ದೇ 2006ರಲ್ಲಿ. ಕೆಎಚ್‌ಡಿಸಿ3ಎಲ್ ಎಂಬ ಇನ್ನೊಂದು ಜೀನ್‌ನದು 2011ರಲ್ಲಿ ಗೊತ್ತಾಯಿತು.

ಅಮ್ಮನಿಂದ ಒಂದು, ಅಪ್ಪನಿಂದ ಒಂದು ಕೆಟ್ಟ ಪ್ರತಿ ಬಂದಿದೆ. ಇಬ್ಬರಿಗೂ ಏನೂ ತೊಂದರೆಯಿಲ್ಲ. ಗಂಡನಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದಾಗ ಅವರು ಅತ್ತರು. ಇಷ್ಟು ದಿನ ತನ್ನಿಂದಲೇ ಅಂದುಕೊಂಡು ಒಳಗೊಳಗೇ ಬೇಯುತ್ತಿದ್ದರಂತೆ.

ಎರಡು ಸಲ ಆಗಿದ್ದರೆ ದಯವಿಟ್ಟು ಅಂಗಾಂಶ ಪರೀಕ್ಷೆ ಕೇಳಿ. ಎಲ್ಲ ಕ್ರೋಮೋಸೋಮ್‌ಗಳೂ ತಂದೆಯವೇ ಎಂದು ಬಂದರೆ ನಿಮ್ಮದೇ ಅಂಡಾಣುವಿನಿಂದ ಮಗುವಾಗುವ ಆಸೆ ಹೆಚ್ಚಿನವರಿಗೆ ಇದ್ದೇ ಇದೆ. ನನ್ನಂಥವರಿಗೆ ಐವಿಎಫ್‌ನಲ್ಲಿ ಭ್ರೂಣ ಆರಿಸಿದರೂ ಪ್ರಯೋಜನವಿಲ್ಲ, ಕ್ರೋಮೋಸೋಮ್ ಎಣಿಕೆ ಸರಿಯಾಗಿಯೇ ಕಾಣುತ್ತದೆ. ಬೇರೆಯವರು ಕೊಟ್ಟ ಅಂಡಾಣುವಿನಿಂದ ಮಗು ಪಡೆದವರಿದ್ದಾರೆ. ಆ ಬಗ್ಗೆ ನಾವಿನ್ನೂ ಮಾತಾಡುತ್ತಿದ್ದೇವೆ. ಮೊದಲು ನನ್ನ ರಕ್ತದಲ್ಲಿರುವ ಎಚ್‌ಸಿಜಿ ಎಂಬ ಗರ್ಭದ ಹಾರ್ಮೋನ್ ಪೂರ್ತಿ ಇಳಿಯಬೇಕು.

ತಂಗಿಗೂ ಇದೇ ತೊಂದರೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಿಪೋರ್ಟ್ ಅವಳಿಗೆ ಕಳಿಸಿದ್ದೇನೆ. ಸೋಮವಾರ ರಕ್ತ ಕೊಡಲು ಹೋಗುತ್ತಾಳೆ, ಜೊತೆಗೆ ನಾನೂ ಹೋಗುತ್ತೇನೆ.