ಮಾರಾದ ಬಯಲಿನಿಂದ ಸೆಶೆಲ್ಸ್‌ನ ದ್ವೀಪಗಳಿಗೆ

ಕಾಡುಪ್ರಾಣಿಗಳ ಸಫಾರಿಯನ್ನೂ ದ್ವೀಪಗಳ ನಡುವಿನ ಹಡಗುಪ್ರಯಾಣವನ್ನೂ ಒಂದೇ ಪ್ರವಾಸದಲ್ಲಿ ಕೂಡಿಸಬೇಕೆನ್ನುವವರು ಮೊದಲು ನೋಡಬೇಕಾದದ್ದು ಗಾಳಿಯ ಲೆಕ್ಕವನ್ನು. ಕೆನ್ಯಾದ ಮಸಾಯಿ ಮಾರಾದಲ್ಲಿ ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಮೇಯುತ್ತಿರುತ್ತವೆ. ಆದರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹಿಂದೂ ಮಹಾಸಾಗರದ ದ್ವೀಪದೇಶ ಸೆಶೆಲ್ಸ್‌ನ ಸುತ್ತಲಿನ ಕಡಲಲ್ಲಿ ಆಗ್ನೇಯ ಮಾರುತ ಬಲವಾಗಿ ಬೀಸುವುದರಿಂದ ಸಣ್ಣ ಹಡಗಿನಲ್ಲಿ ಕುಳಿತವರ ಹೊಟ್ಟೆ ನೆಟ್ಟಗಿರುವುದಿಲ್ಲ. ಆ ಗಾಳಿ ಇಳಿದು, ವಾಯವ್ಯದ ಗಾಳಿ ಏಳುವ ಮೊದಲು ಕಡಲು ಕೆಲವು ವಾರ ಶಾಂತವಾಗಿರುತ್ತದೆ. ಮಾರಾದಲ್ಲಿ ಹಿಂಡುಗಳು ಇನ್ನೂ ಉಳಿದಿರುವ, ಸೆಶೆಲ್ಸ್‌ನಲ್ಲಿ ಅಲೆಗಳು ತಗ್ಗಿರುವ ತಿಂಗಳು ಅಕ್ಟೋಬರ್ ಒಂದೇ ಎನ್ನಬಹುದು. ನಾವು ಹೊರಟದ್ದೂ ಆಗಲೇ.

ಬೆಂಗಳೂರಿನಿಂದ ಮುಂಬೈ ಮೂಲಕ ನೈರೋಬಿ ತಲುಪಿದೆವು. ಕೆನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು ಅದರ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಸೆಶೆಲ್ಸ್‌ನವರೂ ಅದನ್ನು ಕೇಳುತ್ತಾರೆ, ಮರಳುವಾಗ ನಮ್ಮ ವಿಮಾನ ನಿಲ್ದಾಣದವರೂ ಕೇಳುತ್ತಾರೆ. ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆಯ ದಾರಿ. ರಿಫ್ಟ್ ಕಣಿವೆಯ ಅಂಚಿನಿಂದ ಕೆಳಗಿಳಿದು ನಾರೋಕ್ ಪಟ್ಟಣದಲ್ಲಿ ಊಟಕ್ಕೆ ನಿಂತಾಗ ಮುಸುಕಿನ ಜೋಳದ ಹಿಟ್ಟಿನ ಉಗಾಲಿಯೂ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯವೂ ಬಂದವು. ಉಗಾಲಿ ನೋಡಲು ನಮ್ಮ ಮುದ್ದೆಯಂತೆಯೇ ಇದೆ, ಆದರೆ ಅದನ್ನು ನುಂಗುವ ಹಾಗಿಲ್ಲ, ಅಗಿಯಬೇಕು.

ಮಸಾಯಿ ಮಾರಾ ರಕ್ಷಿತ ಪ್ರದೇಶದ ವಿಸ್ತೀರ್ಣ ಸುಮಾರು 1,510 ಚದರ ಕಿಲೋಮೀಟರ್. ಇದು ತಾಂಜಾನಿಯಾದ ಸೆರೆಂಗೆಟಿಯ ಉತ್ತರದ ತುದಿಗೆ ಅಂಟಿಕೊಂಡಿದ್ದು ನಡುವೆ ಬೇಲಿಯಿಲ್ಲ. ಹತ್ತು ಲಕ್ಷಕ್ಕೂ ಮೀರಿದ ವಿಲ್ಡೆಬೀಸ್ಟ್‌ಗಳು ಮಳೆಯನ್ನೂ ಹೊಸ ಹುಲ್ಲನ್ನೂ ಅರಸುತ್ತ ವರ್ಷವಿಡೀ ಈ ಎರಡು ದೇಶಗಳ ನಡುವೆ ಸುತ್ತು ಹಾಕುತ್ತವೆ. ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ಮಾಡಿದವರಿಗೆ ಇಲ್ಲಿ ಕಣ್ಣನ್ನು ಬೇರೆ ರೀತಿ ಪಳಗಿಸಿಕೊಳ್ಳಬೇಕಾಗುತ್ತದೆ. ನಮ್ಮ ಕಾಡಿನಲ್ಲಿ ಮೊದಲು ಕೆಲಸ ಮಾಡುವುದು ಕಿವಿ. ಮುಸುವ ಕೂಗಿತು, ಜಿಂಕೆ ಕೂಗಿತು ಎಂದು ಜೀಪು ನಿಲ್ಲಿಸಿ ಕಾಯುತ್ತೇವೆ. ಮಾರಾದ ಬಯಲಿನಲ್ಲಿ ಒಂದು ಕಿಲೋಮೀಟರ್ ಆಚೆಗಿನ ಪ್ರಾಣಿಯೂ ಕಾಣುತ್ತದೆ. ನಮಗೆ ಕಾಣುವಂತೆ ಅಲ್ಲಿನ ಪ್ರಾಣಿಗಳಿಗೂ ಕಾಣುವುದರಿಂದ ಅವು ಮೇಯುವುದಕ್ಕಿಂತ ಹೆಚ್ಚಾಗಿ ನೋಡುತ್ತಲೇ ಇರುತ್ತವೆಯೇನೋ ಎನಿಸುತ್ತದೆ.

ಇದು ನನಗೆ ಸ್ಪಷ್ಟವಾದದ್ದು ಒಂದು ಟೋಪಿಯಿಂದ. ಟೋಪಿ ಎಂಬುದು ಕೆಂಗಂದು ಮೈಯ, ತೊಡೆಯ ಮೇಲೆ ನೀಲಿಗಪ್ಪು ಪಟ್ಟೆಯಿರುವ, ಹಳದಿ ಕಾಲುಗಳ ಒಂದು ಜಿಂಕೆ ಜಾತಿ. ಅದು ಹುತ್ತದ ಮೇಲೆ ನಾಲ್ಕೂ ಕಾಲು ಒಟ್ಟುಗೂಡಿಸಿ ನಿಂತು ಬಹಳ ಹೊತ್ತು ಒಂದೇ ದಿಕ್ಕನ್ನು ದಿಟ್ಟಿಸುತ್ತಿತ್ತು. ನಮ್ಮ ಚಾಲಕರು ಮಸಾಯಿ ಸಮುದಾಯದವರು. ದುರ್ಬೀನನ್ನು ಹೊರತೆಗೆಯದೆ, ಟೋಪಿಯ ಮೂತಿ ತಿರುಗಿದ್ದ ನೇರಕ್ಕೆ ಗಾಡಿಯನ್ನು ನಿಧಾನವಾಗಿ ನಡೆಸಿದರು. ಮುನ್ನೂರು ಮೀಟರ್ ದಾಟುವ ಹೊತ್ತಿಗೆ ಹುಲ್ಲಿನೊಳಗೆ ಮಲಗಿದ್ದ ಹೆಣ್ಣು ಚೀತಾವೊಂದರ ತಲೆ ಮೇಲೆದ್ದಿತು. ತನ್ನನ್ನು ಟೋಪಿ ನೋಡಿಬಿಟ್ಟಿದೆ ಎಂದು ಅರಿತ ಚೀತಾ ಬೇಟೆಯ ಆಸೆ ಬಿಟ್ಟು ಆಕಳಿಸಿತು. ಆ ದಿನ ಕಂಡ ಸಿಂಹದ ಗುಂಪಿಗಿಂತ ಈ ದೃಶ್ಯವೇ ನನಗೆ ಹೆಚ್ಚು ಹಿಡಿಸಿತು.

ಮಾರಾ ನದಿಯ ದಂಡೆಯಲ್ಲಿ ಇದೇ ಎಚ್ಚರ ಸಾವಿರ ತಲೆಗಳಲ್ಲಿ ಒಟ್ಟಿಗೆ ಕಾಣುತ್ತದೆ. ಹಿಂಡು ದಡಕ್ಕೆ ಬಂದು ನಿಲ್ಲುತ್ತದೆ, ಮುಂದಿನವು ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಳಿದು ನೀರನ್ನು ಮೂಸಿ, ಏನನ್ನೋ ಕಂಡಂತೆ ಬೆಚ್ಚಿ ಹಿಂದಿರುಗುತ್ತವೆ, ಹಿಂದಿನವು ತಳ್ಳುತ್ತವೆ, ಎಲ್ಲವೂ ಧೂಳೆಬ್ಬಿಸಿಕೊಂಡು ಮತ್ತೆ ಬಯಲಿಗೆ ಓಡುತ್ತವೆ. “ಯಾವಾಗ ದಾಟುತ್ತವೆ?” ಎಂದು ಕೇಳಿದ್ದಕ್ಕೆ ಚಾಲಕರು, “ಅದು ಅವಕ್ಕೇ ಗೊತ್ತಿಲ್ಲ ಸರ್” ಎಂದರು. ಕೊನೆಗೆ ಮೊದಲು ನೀರಿಗಿಳಿದದ್ದು ಒಂದು ಜೀಬ್ರಾ. ಅದರ ಬೆನ್ನಿಗೇ ವಿಲ್ಡೆಬೀಸ್ಟ್‌ಗಳು ಒಂದರ ಮೇಲೊಂದು ಬಿದ್ದಂತೆ ಧುಮುಕಿದವು. ಟೆಲಿವಿಷನ್‌ನಲ್ಲಿ ಮೊಸಳೆ ಬಾಯಿ ಹಾಕುವ ಗಳಿಗೆಯನ್ನಷ್ಟೇ ತೋರಿಸುತ್ತಾರೆ. ಅಂದು ನಮ್ಮ ಕಣ್ಣೆದುರು ಒಂದೂ ಸಾಯಲಿಲ್ಲ, ಆದರೆ ಆಚೆ ದಡ ಸೇರಿದ ತಾಯಂದಿರೂ ಈಚೆ ಉಳಿದ ಕರುಗಳೂ ಒಂದನ್ನೊಂದು ಕೂಗುವ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ದಡದ ಮೇಲೆ ಸಾಲುಗಟ್ಟಿ, ಕೆಲವೊಮ್ಮೆ ಪ್ರಾಣಿಗಳ ದಾರಿಗೇ ಅಡ್ಡವಾಗಿ ನಿಲ್ಲುವ ಗಾಡಿಗಳ ಬಗ್ಗೆಯೂ ಹೇಳಲೇಬೇಕು. ಹಿಂಡು ಹಿಂಜರಿಯುವುದಕ್ಕೆ ಮೊಸಳೆಯಷ್ಟೇ ನಾವೂ ಕಾರಣರಾಗುತ್ತೇವೆ. ರಕ್ಷಿತ ಪ್ರದೇಶದ ಉತ್ತರಕ್ಕೆ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟು ರೂಪಿಸಿರುವ ನಬೊಯ್ಶೊ, ಓಲಾರೆ ಮೊಟೊರೊಗಿ, ಮಾರಾ ನಾರ್ತ್ ಮುಂತಾದ ಸಂರಕ್ಷಣಾ ಪ್ರದೇಶಗಳಿವೆ. ಅಲ್ಲಿ ಗಾಡಿಗಳ ಸಂಖ್ಯೆಗೆ ಮಿತಿಯಿದೆ, ಬಾಡಿಗೆ ಜಮೀನಿನವರ ಕೈ ಸೇರುತ್ತದೆ. ಖರ್ಚು ಹೆಚ್ಚು, ನಿಜ. ಆದರೂ ಒಂದೆರಡು ರಾತ್ರಿಯನ್ನಾದರೂ ಅಲ್ಲಿ ಕಳೆಯುವುದು ಲೇಸು.

ನೈರೋಬಿಯಿಂದ ಸೆಶೆಲ್ಸ್‌ನ ಮಾಹೆ ದ್ವೀಪಕ್ಕೆ ವಿಮಾನದಲ್ಲಿ ಸುಮಾರು ಮೂರು ಗಂಟೆ. ರಾಜಧಾನಿ ವಿಕ್ಟೋರಿಯಾದ ಬಂದರಿನಲ್ಲಿ ನಾವು ಹತ್ತಿದ್ದು ನಲವತ್ತರಷ್ಟು ಪ್ರಯಾಣಿಕರ ಸಣ್ಣ ಹಡಗು. ಹಡಗು ದೊಡ್ಡದಾದಷ್ಟೂ ದ್ವೀಪಗಳು ದೂರವಾಗುತ್ತವೆ. ಇಲ್ಲಿನ ಕೊಲ್ಲಿಗಳಲ್ಲಿ ಲಂಗರು ಹಾಕಿ ರಬ್ಬರ್ ದೋಣಿಯಲ್ಲಿ ಮರಳಿಗಿಳಿಯಬೇಕಾದರೆ ಸಣ್ಣದೇ ಸರಿ. ಪ್ರವಾಸ ಸಂಸ್ಥೆಗಳು ಇಂಥ ಜೋಡಿ ಪ್ರವಾಸವನ್ನು ಸಫಾರಿಯ ದಣಿವಿಗೆ ಕಡಲ ತೀರದ ವಿಶ್ರಾಂತಿ ಎಂಬಂತೆ ಮಾರುತ್ತವೆ. ನನಗೆ ಹಾಗೆನಿಸಲಿಲ್ಲ. ಮಾರಾದಲ್ಲಿ ಪ್ರಾಣಿಗಳ ಎಚ್ಚರವನ್ನು ನೋಡಿ ಬಂದವರಿಗೆ ಈ ದ್ವೀಪಗಳು ಅದೇ ಪಾಠದ ಇನ್ನರ್ಧ. ಮನುಷ್ಯರು ಇಲ್ಲಿ ನೆಲೆಸಿದ್ದು 1770ರಲ್ಲಿ, ಅದಕ್ಕೂ ಮುಂಚೆ ಬಾವಲಿಗಳನ್ನು ಬಿಟ್ಟರೆ ಇಲ್ಲಿ ಸಸ್ತನಿಗಳೇ ನೆಲೆಸಿರಲಿಲ್ಲ. ಬೆಕ್ಕು, ಇಲಿ, ಚಿರತೆ ಯಾವುದನ್ನೂ ಕಾಣದೆ ಬೆಳೆದ ಜೀವಿಗಳಿಗೆ ಓಡುವ ಅಭ್ಯಾಸವೇ ಬಂದಿಲ್ಲ.

ಕಸೀನ್ ದ್ವೀಪದಲ್ಲಿ ಇದು ಕಣ್ಣಿಗೆ ರಾಚುತ್ತದೆ. ನಮ್ಮ ಹಡಗಿನ ದೋಣಿಗೆ ದಡ ಮುಟ್ಟಲು ಅನುಮತಿಯಿಲ್ಲ. ದ್ವೀಪದ ಕಾವಲುಗಾರರು ತಮ್ಮದೇ ದೋಣಿಯಲ್ಲಿ ಬಂದು, ನಡುನೀರಿನಲ್ಲಿ ನಮ್ಮನ್ನು ಹತ್ತಿಸಿಕೊಂಡು, ಅಲೆಯ ಬೆನ್ನೇರಿ ಮರಳಿನ ಮೇಲೆ ನುಗ್ಗಿಸುತ್ತಾರೆ. ಹೊರಗಿನ ದೋಣಿಯಲ್ಲಿ ಒಂದು ಇಲಿ ಬಂದಿಳಿದರೂ ಇಡೀ ದ್ವೀಪಕ್ಕೆ ಗಂಡಾಂತರ. ಕಾಡಿನೊಳಗೆ ಹತ್ತು ಹೆಜ್ಜೆ ಇಟ್ಟರೆ ಮರದ ಬೇರುಗಳ ಸಂದಿಯಲ್ಲಿ, ನೆಲದ ಮೇಲೆಯೇ, ಬಿಳಿಬಾಲದ ಟ್ರಾಪಿಕ್‌ಬರ್ಡ್ ಮರಿಯೊಡನೆ ಕುಳಿತಿದೆ. ನನ್ನ ಬೂಟಿಗೂ ಅದಕ್ಕೂ ಎರಡಡಿ ಅಂತರವಿತ್ತು. ಅದು ಕೊಕ್ಕು ತೆರೆದು ಕರ್ಕಶವಾಗಿ ಬೈದಿತೇ ಹೊರತು ಕದಲಲಿಲ್ಲ. ಅಚ್ಚಬಿಳಿಯ ಫೇರಿ ಟರ್ನ್ ಗೂಡನ್ನೂ ಕಟ್ಟುವುದಿಲ್ಲ, ಬರಿಯ ಕೊಂಬೆಯ ಮೇಲಿನ ಸಣ್ಣ ತಗ್ಗಿನಲ್ಲಿ ಒಂದೇ ಒಂದು ಮೊಟ್ಟೆಯಿಡುತ್ತದೆ. ಕಾವಲುಗಾರರು ಪಿಸೋನಿಯಾ ಮರದ ಅಂಟುಬೀಜಗಳನ್ನು ತೋರಿಸಿದರು. ಹಕ್ಕಿಗಳ ಗರಿಗೆ ಅಂಟಿ ಬೀಜ ಪ್ರಸಾರವಾಗುತ್ತದೆ, ಅಂಟು ಹೆಚ್ಚಾದರೆ ಹಕ್ಕಿ ಹಾರಲಾಗದೆ ಸಾಯುವುದೂ ಉಂಟು.

ಈ ದ್ವೀಪ ಒಂದು ಕಾಲಕ್ಕೆ ತೆಂಗಿನ ತೋಟವಾಗಿತ್ತು. ಸೆಶೆಲ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಜಗತ್ತಿನಲ್ಲಿ ಇಲ್ಲಿ ಮಾತ್ರ, ಅದೂ ಮೂವತ್ತಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಉಳಿದಿದ್ದಾಗ, ಇಂದು ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಎಂದು ಹೆಸರಾದ ಸಂಸ್ಥೆ 1968ರಲ್ಲಿ ದ್ವೀಪವನ್ನೇ ಕೊಂಡುಕೊಂಡಿತು. ತೆಂಗನ್ನು ತೆರವು ಮಾಡಿ ಸ್ಥಳೀಯ ಮರಗಳಿಗೆ ಬೆಳೆಯಲು ಬಿಟ್ಟ ಮೇಲೆ ಹಕ್ಕಿಗಳು ಹೆಚ್ಚಿದವು. ಅರೀಡ್, ಡೆನಿಸ್ ಮುಂತಾದ ದ್ವೀಪಗಳಿಗೂ ಅವನ್ನು ಒಯ್ದು ಬಿಟ್ಟರು. ಈಗ ಅವು ಸಾವಿರಗಟ್ಟಲೆ ಇವೆ. ತೆಂಗು ಕಡಿದರೆ ಕಾಡು ಉಳಿಯುತ್ತದೆ ಎಂಬ ಮಾತನ್ನು ಕರಾವಳಿಯ ನಮ್ಮ ಜೊತೆಗಾರರೊಬ್ಬರು ಸುಲಭಕ್ಕೆ ಒಪ್ಪಲಿಲ್ಲ.

ಭಯವಿಲ್ಲದಿರುವುದರ ಬೆಲೆ ಏನೆಂಬುದು ಕ್ಯೂರಿಯಸ್ ದ್ವೀಪದಲ್ಲಿ ತಿಳಿಯುತ್ತದೆ. ಅಲ್ಲಿ ತಿರುಗಾಡುವ ದೈತ್ಯ ಆಮೆಗಳನ್ನು ದೂರದ ಅಲ್ಡಾಬ್ರಾ ಹವಳದ್ವೀಪದಿಂದ ತಂದು ಬಿಟ್ಟದ್ದು, ಏಕೆಂದರೆ ಇಲ್ಲಿನ ಮೂಲ ಆಮೆಗಳನ್ನು ನಾವಿಕರೂ ವಲಸಿಗರೂ ಮಾಂಸಕ್ಕಾಗಿ ಮುಗಿಸಿದ್ದರು. ನೀರಿಲ್ಲದೆ, ಮೇವಿಲ್ಲದೆ ಹಡಗಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತಿದ್ದುದೇ ಅವುಗಳ ದುರ್ದೈವ. ಮೊದಲ ವಲಸಿಗರ ಕಾಲದಲ್ಲಿ ಇಲ್ಲಿ ಮೊಸಳೆಗಳೂ ಇದ್ದವಂತೆ. ಅವನ್ನೂ ಕೊಂದು ಮುಗಿಸಲಾಯಿತು. ಕತ್ತು ನೇವರಿಸಿದರೆ ಆಮೆ ಕಾಲುಗಳ ಮೇಲೆ ಎದ್ದು ನಿಂತು ಕತ್ತನ್ನು ಇನ್ನಷ್ಟು ಚಾಚುತ್ತದೆ. ಮಾರಾದ ಯಾವ ಪ್ರಾಣಿಯೂ ಇಷ್ಟು ಸದರ ಕೊಡಲಾರದು.

ಪ್ರಾಲಿನ್ ದ್ವೀಪದ ವಾಲೆ ದ ಮೇ ಕಣಿವೆ ಇಪ್ಪತ್ತು ಹೆಕ್ಟೇರ್‌ಗಿಂತ ತುಸು ಚಿಕ್ಕದು. 1983ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಕೊಕೊ ದ ಮೇರ್ ಎಂಬ ಅವಳಿ ತೆಂಗು ಸಹಜವಾಗಿ ಬೆಳೆಯುವುದು ಪ್ರಾಲಿನ್ ಮತ್ತು ಕ್ಯೂರಿಯಸ್ ದ್ವೀಪಗಳಲ್ಲಿ ಮಾತ್ರ. ಸಸ್ಯಲೋಕದ ಅತಿದೊಡ್ಡ ಬೀಜ ಇದರದು; ಕಾಯಿ ಬಲಿಯಲು ಆರೇಳು ವರ್ಷ ಬೇಕು. ಅಲೆಗಳ ಮೇಲೆ ತೇಲಿಬಂದ ಇದರ ಚಿಪ್ಪಿನಿಂದ ಫಕೀರರು ಭಿಕ್ಷಾಪಾತ್ರೆ ಮಾಡಿಕೊಳ್ಳುತ್ತಿದ್ದರು. ಲಾ ಡಿಗ್ ದ್ವೀಪದಲ್ಲಿ ಬಾಡಿಗೆ ಸೈಕಲ್ ತುಳಿದು, ಪೋಸ್ಟರುಗಳಲ್ಲಿ ಕಾಣುವ ಆ ಬಂಡೆಗಳ ತೀರಕ್ಕೂ ಹೋಗಿಬಂದೆವು. ಚೆಲುವಾಗಿದೆ, ಜನಜಂಗುಳಿಯೂ ಇದೆ.

ಆ ಬಂಡೆಗಳು ಸುಮಾರು 75 ಕೋಟಿ ವರ್ಷ ಹಳೆಯ ಗ್ರಾನೈಟ್. ನಡುಸಾಗರದ ದ್ವೀಪಗಳು ಸಾಮಾನ್ಯವಾಗಿ ಜ್ವಾಲಾಮುಖಿಯವು ಅಥವಾ ಹವಳದವು. ಇವು ಮಾತ್ರ ಖಂಡದ ತುಣುಕುಗಳು, ಮತ್ತು ಆ ಖಂಡ ನಮ್ಮದೇ. ಬೀದರ್, ಕಲಬುರಗಿ, ಬೆಳಗಾವಿಗಳ ಕರಿಕಲ್ಲಾಗಿ ಇಂದು ಕಾಣುವ ಲಾವಾ ದಖನ್ನಿನ ಮೇಲೆ ಹರಿದ ಕಾಲದ ಆಸುಪಾಸಿನಲ್ಲಿ, ಆರೂವರೆ ಕೋಟಿ ವರ್ಷಗಳಷ್ಟು ಹಿಂದೆ, ಸೆಶೆಲ್ಸ್ ಭಾರತದಿಂದ ಬೇರ್ಪಟ್ಟಿತು. ಮಾಹೆಯ ಬೆಟ್ಟದ ತರಗೆಲೆಗಳಲ್ಲಿ ಬದುಕುವ, ಬೆರಳ ಉಗುರಿನಷ್ಟೇ ಇರುವ ಕಪ್ಪೆಗಳ ಅತಿಸಮೀಪದ ಬಂಧು ಆಫ್ರಿಕಾದಲ್ಲಿಲ್ಲ. ಅದು 2003ರಲ್ಲಿ ವಿಜ್ಞಾನಿಗಳು ಹೆಸರಿಟ್ಟ, ಪಶ್ಚಿಮಘಟ್ಟದ ದಕ್ಷಿಣ ಭಾಗದ ನೇರಳೆ ಕಪ್ಪೆ.

ವಿಕ್ಟೋರಿಯಾದ ಅಂಗಡಿಗಳಲ್ಲಿ ಕೊಕೊ ದ ಮೇರ್ ಕಾಯಿಯನ್ನು ಮಾರುತ್ತಾರೆ. ಪರವಾನಗಿ ಪತ್ರವಿಲ್ಲದ ಕಾಯಿಯನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಪತ್ರವಿರುವ ಕಾಯಿಗೆ ನೂರಾರು ಯೂರೊ ತೆರಬೇಕು, ತೂಕ ಬೇರೆ. ನಾವೂ ಒಂದನ್ನು ಕೈಗೆತ್ತಿಕೊಂಡು, ಬೆಲೆ ಕೇಳಿ, ಗಂಭೀರವಾಗಿ ಮತ್ತೆ ಕಪಾಟಿನಲ್ಲಿಟ್ಟು ವಿಮಾನ ನಿಲ್ದಾಣದ ಟ್ಯಾಕ್ಸಿ ಹಿಡಿದೆವು.