ಬಿರುಗಾಳಿಯ ಬಲಗಡೆ: ಮಂಗಳೂರಿನಿಂದ ಕಾರವಾರಕ್ಕೆ

ನಮ್ಮ ಕರಾವಳಿಗೆ ಚಂಡಮಾರುತ ನೇರವಾಗಿ ಬಂದು ಅಪ್ಪಳಿಸುವುದು ಅಪರೂಪ. ಅರಬ್ಬಿ ಸಮುದ್ರದಲ್ಲಿ ಹುಟ್ಟಿದ್ದು ಒಂದೋ ಒಮಾನ್ ಕಡೆ ತಿರುಗುತ್ತದೆ, ಇಲ್ಲವೇ ದಡದ ಉದ್ದಕ್ಕೂ ಉತ್ತರಕ್ಕೆ ಸಾಗುತ್ತದೆ. 2021ರ ತೌಕ್ತೆ ಮೇ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಆದರೆ ಅದಕ್ಕೆ ಎರಡು ದಿನ ಮೊದಲೇ ಇಲ್ಲಿ ಕಡಲ್ಕೊರೆತ ಜೋರಾಗಿತ್ತು. ಉತ್ತರಕ್ಕೆ ಹೋಗುವ ಬಿರುಗಾಳಿಯ ಬಲಮಗ್ಗುಲಲ್ಲಿ, ಅಂದರೆ ನಾವಿರುವ ಕಡೆಯಲ್ಲಿ, ಗಾಳಿಯ ವೇಗಕ್ಕೆ ಅದರ ನಡಿಗೆಯ ವೇಗವೂ ಸೇರುತ್ತದೆ.

ಮೇ ಕೊನೆಯಲ್ಲಿ ಮಂಗಳೂರು ಬಿಟ್ಟಾಗ ಕಡಲಲ್ಲಿದ್ದದ್ದು ಬರೀ ವಾಯುಭಾರ ಕುಸಿತ. ಹೆಸರಿಡಬೇಕಾದರೆ ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಬೇಕು. ಹೆಸರಿಲ್ಲ ಎಂದು ಸದರ ಮಾಡುವವರು ಪ್ರವಾಸಿಗರೇ, ಮೀನುಗಾರರಲ್ಲ. ಇಂಥ ಹೊತ್ತಿನಲ್ಲಿ ಹವಾಮಾನ ಇಲಾಖೆಯ ಮಳೆ ಮುನ್ಸೂಚನೆಯಷ್ಟೇ ಸಾಲದು, ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯಿಸ್ ಹೊರಡಿಸುವ ಅಲೆಯ ಎತ್ತರದ ಎಚ್ಚರಿಕೆಯನ್ನೂ ನೋಡಬೇಕು. ಬಂದರಿನಲ್ಲಿ 3ನೇ ಸಂಖ್ಯೆಯ ಎಚ್ಚರಿಕೆ ಸಂಕೇತ ಏರಿದೆ ಎಂದರೆ ಆ ಬಂದರಿಗೇ ಬಿರುಸಿನ ಗಾಳಿ ಬರಬಹುದು ಎಂದರ್ಥ. 1 ಮತ್ತು 2 ದೂರದ ಕಡಲಿನ ಸುದ್ದಿ.

ಪೆಟ್ರೋಲನ್ನು ಮಂಗಳೂರಿನಲ್ಲೇ ತುಂಬಿಸುವುದು ಒಳ್ಳೆಯದು. ಕರೆಂಟ್ ಹೋದ ಮೇಲೆ ಜನರೇಟರ್ ಇಲ್ಲದ ಬಂಕಿನ ಪಂಪ್ ಓಡುವುದಿಲ್ಲ. ಮೊಬೈಲ್ ಟವರಿನ ಬ್ಯಾಟರಿಯೂ ಕೆಲವು ಗಂಟೆ ಮಾತ್ರ. ಆಮೇಲೆ ಯುಪಿಐ ಇಲ್ಲ, ಹಾಗಾಗಿ ಚಿಲ್ಲರೆ ನೋಟು ಇರಲಿ. ಬೈಕ್ ಬೇಡ: ಸೇತುವೆ ಮೇಲೆ ಅಡ್ಡಗಾಳಿ, ಉಳಿದ ಕಡೆ ತೆಂಗಿನ ಮಡಲು.

ಮಲ್ಪೆಯಲ್ಲಿ ಇಡೀ ದಿನ ನಿಲ್ಲಬಹುದು. ಜೂನ್ 1ರಿಂದ ಮೀನುಗಾರಿಕೆ ನಿಷೇಧ ಶುರುವಾಗುವುದರಿಂದ ಬೋಟುಗಳೆಲ್ಲ ಆಗಲೇ ವಾಪಸಾಗುತ್ತಿರುತ್ತವೆ. ಅದರ ಮೇಲೆ ಗಾಳಿಯ ಸೂಚನೆಯೂ ಬಂದರೆ ಧಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟ್ರಾಲ್ ಬೋಟುಗಳನ್ನು ಒಂದರ ಮಗ್ಗುಲಿಗೆ ಒಂದರಂತೆ ಸಾಲಾಗಿ ಕಟ್ಟುತ್ತಾರೆ. ನಡುವೆ ಹಳೆ ಟಯರ್. ಪಕ್ಕದ ಬೋಟಿನ ಕ್ಯಾಬಿನ್ನಿಗೆ ನಮ್ಮ ಕ್ಯಾಬಿನ್ ಸರಿಸಮ ಬರದಂತೆ ಸ್ವಲ್ಪ ಹಿಂದೆ ಮುಂದೆ ನಿಲ್ಲಿಸಬೇಕು, ಇಲ್ಲವಾದರೆ ಹೊಯ್ದಾಟದಲ್ಲಿ ಮೊದಲು ಒಡೆಯುವುದು ಅದೇ. ಹಗ್ಗವನ್ನು ಬಿಗಿಯಾಗಿ ಕಟ್ಟುವುದು ಹೊಸಬರ ಕೆಲಸ. ಉಬ್ಬರಕ್ಕೆ ನೀರು ಏರುತ್ತದೆ, ಮಳೆ ಬಂದರೆ ಹೊಳೆಯೂ ಏರುತ್ತದೆ. ಸಡಿಲ ಬಿಡದಿದ್ದರೆ ಕಟ್ಟಿದ ಗೂಟವೇ ಕಿತ್ತು ಬರುತ್ತದೆ. ನೈಲಾನ್ ಹಗ್ಗ ಎಳೆದರೆ ಹಿಗ್ಗಿ ಜಗ್ಗುವಿಕೆಯನ್ನು ನುಂಗಿಕೊಳ್ಳುತ್ತದೆ. ಅದು ಹರಿಯುವುದು ನಡುವಿನಲ್ಲಲ್ಲ, ಕಟ್ಟೆಯ ಅಂಚಿಗೆ ಉಜ್ಜುವ ಅರ್ಧ ಅಡಿಯಲ್ಲಿ. ಅಷ್ಟು ಭಾಗಕ್ಕೆ ಹಳೆ ರಬ್ಬರ್ ಪೈಪನ್ನು ಸೀಳಿ ತೊಡಿಸಿ ದಾರ ಸುತ್ತಿದರೆ ರಾತ್ರಿ ಕಳೆಯುತ್ತದೆ. ಬಲೆ, ಐಸ್ ಪೆಟ್ಟಿಗೆ ಎಲ್ಲ ಕೆಳಗಿಳಿಯುತ್ತವೆ. ತಳದ ನೀರೆತ್ತುವ ಪಂಪಿನ ಬ್ಯಾಟರಿ ಮಾತ್ರ ಬೋಟಿನಲ್ಲೇ ಉಳಿಯಬೇಕು.

ನಾಡದೋಣಿಗಳ ಲೆಕ್ಕ ಬೇರೆ. ಔಟ್‌ಬೋರ್ಡ್ ಇಂಜಿನ್ ಬಿಚ್ಚಿ ಮನೆಗೆ ಸಾಗಿಸಿ, ದೋಣಿಯನ್ನು ಗಾಳಿಮರಗಳ ಹಿಂದಕ್ಕೆ ಎಳೆಯುತ್ತಾರೆ. ತಳದ ಬಿರಡೆ ತೆಗೆದಿಡಲು ಮರೆತರೆ ಒಂದೇ ರಾತ್ರಿಯ ಮಳೆಗೆ ದೋಣಿ ತುಂಬಿ, ಭಾರಕ್ಕೆ ಮರಳಲ್ಲಿ ಕೂತುಬಿಡುತ್ತದೆ. ಸೇಂಟ್ ಮೇರೀಸ್ ದ್ವೀಪದ ಆಸೆ ಇಟ್ಟುಕೊಳ್ಳಬೇಡಿ, ಅಲ್ಲಿಗೆ ಹೋಗುವ ಬೋಟು ಮೇ ಮಧ್ಯಕ್ಕೇ ನಿಲ್ಲುತ್ತದೆ.

ಗಾಳಿಯ ದಿಕ್ಕೇ ಇಲ್ಲಿನ ಗಡಿಯಾರ. ಬಿರುಗಾಳಿ ನೈಋತ್ಯದಲ್ಲಿರುವಾಗ ಗಾಳಿ ಆಗ್ನೇಯದಿಂದ, ನೆಲದ ಕಡೆಯಿಂದ ಬರುತ್ತದೆ. ದಡದಲ್ಲಿ ನಿಂತವರಿಗೆ ಕಡಲು ತಣ್ಣಗಿದ್ದಂತೆ ಕಾಣುತ್ತದೆ. ಸರಿಯಾಗಿ ಪಶ್ಚಿಮಕ್ಕೆ ಬಂದಾಗ ತೆಂಕಣ ಗಾಳಿ. ಬಿರುಗಾಳಿ ಉತ್ತರಕ್ಕೆ ದಾಟಿದ ಮೇಲೆ ಗಾಳಿ ನೈಋತ್ಯದಿಂದ ಬೀಸಿ ನೀರನ್ನು ದಡಕ್ಕೆ ದೂಡುತ್ತದೆ. 'ತೂಫಾನು ಹೋಯಿತು' ಎಂದು ಟಿ.ವಿ. ಹೇಳುವ ಹೊತ್ತಿಗೇ ಉಳ್ಳಾಲದಲ್ಲಿ ತಡೆಗೋಡೆಯ ಕಲ್ಲು ಜಾರುವುದು, ಮರವಂತೆಯಲ್ಲಿ ಹೆದ್ದಾರಿಗೆ ನೀರು ಹಾರುವುದು. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಗಾಡಿ ನಿಲ್ಲಿಸಿ ಫೋಟೊ ತೆಗೆಯುವುದಕ್ಕೆ ತಡೆಗೋಡೆಯ ಕಲ್ಲು ಹತ್ತುವವರಿಗೆ ಕೇಳುವ ತಾಳ್ಮೆ ಇರುವುದಿಲ್ಲ: ಐದಾರು ಸಣ್ಣ ಅಲೆಗಳ ಬೆನ್ನಿಗೆ ದೊಡ್ಡವು ಗುಂಪಾಗಿ ಬರುತ್ತವೆ, ಪಾಚಿ ಹಿಡಿದ ಕಲ್ಲಿನ ಮೇಲೆ ಓಡಲಾಗದು.

ಭಟ್ಕಳ, ಹೊನ್ನಾವರ ದಾಟಿ ಕಾರವಾರಕ್ಕೆ ಬಂದರೆ ನೀರು ಬೇರೆಯೇ. ಬೈತಖೋಲದ ಗುಡ್ಡವೂ ಹೊರಗಿನ ದ್ವೀಪಗಳೂ ಅಲೆಯನ್ನು ಮುರಿಯುತ್ತವೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರರಾಜ್ಯದ ಬೋಟುಗಳೂ ಇಲ್ಲಿ ಬಂದು ಲಂಗರು ಹಾಕಿದ್ದವು. ಲಂಗರಿನ ಹಗ್ಗ ನೀರಿನ ಆಳದ ಐದಾರು ಪಟ್ಟಾದರೂ ಬೇಕು. ಗಿಡ್ಡವಾದರೆ ಅಲೆ ಎತ್ತಿದಾಗಲೆಲ್ಲ ಲಂಗರು ಕೆಸರಿನಿಂದ ಮೇಲೇಳುತ್ತದೆ.

ಗಾಳಿ ನಿಂತಿತೆಂದು ಕೂಡಲೇ ಯಾರೂ ಹೊರಡುವುದಿಲ್ಲ. ದೂರದ ಬಿರುಗಾಳಿ ಎಬ್ಬಿಸಿದ ಉಬ್ಬಲೆ ಇನ್ನೂ ಒಂದೆರಡು ದಿನ ಬರುತ್ತಲೇ ಇರುತ್ತದೆ. ಗಂಗೊಳ್ಳಿ, ಹೊನ್ನಾವರದಂಥ ಅಳಿವೆಗಳಲ್ಲಿ ಇಳಿತದ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು: ಮಳೆನೀರು ಸೇರಿದ ಹೊಳೆ ರಭಸದಿಂದ ಹೊರಗೆ ನುಗ್ಗಿ, ಒಳಬರುವ ಅಲೆಗೆ ಮರಳದಿಣ್ಣೆಯ ಮೇಲೆ ಎದುರಾಗುತ್ತದೆ. ಅಲೆ ಅಲ್ಲೇ ಕಡಿದಾಗಿ ಎದ್ದು ಒಡೆಯುತ್ತದೆ. ಹಾಗಾಗಿ ಬೋಟು ಬಿಡುವುದಾದರೆ ಉಬ್ಬರ ಮುಗಿಯುತ್ತ ಬಂದಾಗ, ಬೆಳಕಿರುವಾಗ.